ಕಂತು ಸರಿಯಾಗಿ ಕಟ್ಟಿದರೆ ಸುಳ್ಳು ಸಂಬಳ ಚೀಟಿ ಮಾಫಿಯೇ?

ಪ್ರಶ್ನೆ: ಅಂತರಸನಹಳ್ಳಿಯ ಕಾರ್ಖಾನೆಯಲ್ಲಿ ಕೆಲಸ. ಕೈಗೆ ಬರುವುದು 28,000 ರೂಪಾಯಿ. ಕ್ಯಾತ್ಸಂದ್ರದ ಹತ್ತಿರ ಒಂದು ಮನೆ ನೋಡಿದ್ದೇವೆ, 25 ಲಕ್ಷ ಸಾಲ ಬೇಕು. ಏಜೆಂಟ್ ಒಬ್ಬರು 46,000ದ ಸಂಬಳ ಚೀಟಿ, ಫಾರ್ಮ್ 16 (ಸಂಬಳದಲ್ಲಿ ಹಿಡಿದ ತೆರಿಗೆಗೆ ಕಂಪನಿ ಕೊಡುವ ಪ್ರಮಾಣಪತ್ರ) ಮಾಡಿಸಿಕೊಟ್ಟರು. ಅರ್ಜಿ ಹಾಕಿದ್ದಾಯ್ತು, ಸಾಲ ಇನ್ನೂ ಮಂಜೂರಾಗಿಲ್ಲ. ಕಂತು ಕಟ್ಟಿದರೆ ಯಾರೂ ಕೇಳಲ್ಲ ಅಂತಾರೆ. ನನಗೆ ನಿದ್ದೆ ಬರ್ತಿಲ್ಲ.
(ಹೆಸರು ಬೇಡ, ತುಮಕೂರು)

ಉತ್ತರ: ನಿದ್ದೆ ಬರದೇ ಇರೋದು ಒಳ್ಳೆಯದೇ ಆಯ್ತು. ಇನ್ನೂ ಹಣ ಬಂದಿಲ್ಲ ಅಲ್ವಾ? ಇವತ್ತೇ ಅರ್ಜಿ ವಾಪಸ್ ತೆಗೆದುಕೊಳ್ಳಿ.

ಕೆಲವು ವರ್ಷದ ಹಿಂದೆ ಒಬ್ಬ ಹುಡುಗ ನನ್ನ ಆಫೀಸಿಗೆ ಬಂದಿದ್ದ. ಪಾಸ್‌ಬುಕ್ ಬಿಡಿಸಿಟ್ಟು, ಒಂದೊಂದೇ ಸಾಲಿನ ಮೇಲೆ ಬೆರಳಿಟ್ಟು ತೋರಿಸಿದ. 'ನೋಡಿ ಸಾರ್, 31 ಕಂತು, ಒಂದೂ ತಪ್ಪಿಸಿಲ್ಲ.' ನಿಜ. ಆದರೆ ಸಾಲಕ್ಕೆ ಅವನಿಗೂ ಸುಳ್ಳು ಸಂಬಳ ಚೀಟಿ ಮಾಡಿಕೊಟ್ಟವನು ಬೇರೆ ಕೇಸಲ್ಲಿ ಸಿಕ್ಕಿಬಿದ್ದಿದ್ದ. ಅವನ ಪೆನ್‌ಡ್ರೈವ್‌ನಲ್ಲಿ ಈ ಹುಡುಗನ ಚೀಟಿಯೂ ಇತ್ತು. ಕಂತಿನ ಲೆಕ್ಕ ಬೇರೆ, ಸುಳ್ಳಿನ ಲೆಕ್ಕ ಬೇರೆ. ಸುಳ್ಳು ಹೇಳಿ ಹಣ ಪಡೆದ ದಿನವೇ ಅಪರಾಧ ಪೂರ್ತಿ ಆಗಿರುತ್ತದೆ.

2024ರ ಜುಲೈ 1ರಿಂದ ಇಂಥದ್ದಕ್ಕೆ ಹಳೆಯ ಐಪಿಸಿ ಬದಲು ಭಾರತೀಯ ನ್ಯಾಯ ಸಂಹಿತೆ. ನಾವೆಲ್ಲ 'ಫೋರ್ ಟ್ವೆಂಟಿ' ಅನ್ನುತ್ತಿದ್ದದ್ದು ಈಗ ಕಲಂ 318(4): ಏಳು ವರ್ಷದವರೆಗೆ ಜೈಲು, ದಂಡ. ಮೋಸಕ್ಕಾಗಿ ನಕಲಿ ದಾಖಲೆ ಮಾಡಿದರೆ 336(3), ಅದಕ್ಕೂ ಏಳು ವರ್ಷದವರೆಗೆ. ನಕಲಿ ಅಂತ ಗೊತ್ತಿದ್ದೂ ಅಸಲಿ ಅಂತ ಕೊಟ್ಟರೆ 340(2). ಚೀಟಿ ಮಾಡಿದ್ದು ಏಜೆಂಟ್ ಇರಬಹುದು, ಅರ್ಜಿಯ ಕೆಳಗಿನ ಸಹಿ ನಿಮ್ಮದು. ಹಣ ಕೈಗೆ ಬರದಿದ್ದರೂ ಪ್ರಯತ್ನವೂ ಅಪರಾಧವೇ. ಹಾಗಾಗಿ ಅರ್ಜಿ ವಾಪಸ್ ಪಡೆದರೆ ಎಲ್ಲ ಅಳಿಸಿಹೋಯ್ತು ಅಂತ ನಾನು ಹೇಳಲ್ಲ. ಆದರೆ ಬ್ಯಾಂಕಿಗೆ ನಷ್ಟ ಆಗುವ ಮೊದಲೇ ನೀವಾಗಿಯೇ ಹಿಂದೆ ಸರಿದಿರಿ ಅನ್ನೋದು ನಾಳೆ ನಿಮ್ಮ ಪರ ನಿಲ್ಲುತ್ತದೆ.

ಸಿಕ್ಕಿಬೀಳೋದೂ ಕಷ್ಟವಲ್ಲ. ಚೀಟಿಯಲ್ಲಿ 46,000, ಖಾತೆಗೆ ಬಿದ್ದಿದ್ದು 28,000. ಫಾರ್ಮ್ 16 ಆದಾಯ ತೆರಿಗೆ ಇಲಾಖೆಯ 26ಎಎಸ್‌ಗೆ (ನಿಮ್ಮ ಹೆಸರಲ್ಲಿ ಜಮಾ ಆದ ತೆರಿಗೆಯ ಪಟ್ಟಿ) ತಾಳೆಯಾಗಬೇಕು. ಸಾಲ ಕೊಟ್ಟ ಮೇಲೆ ಗೊತ್ತಾದರೆ ಬ್ಯಾಂಕು ಪೂರ್ತಿ ಹಣ ಒಟ್ಟಿಗೆ ಕೇಳಬಹುದು. ಕಟ್ಟಲಾಗದೆ ಸಾಲ ಎನ್‌ಪಿಎ (ವಸೂಲಾಗದ ಸಾಲ) ಆದರೆ, ಅಡವಿಟ್ಟ ಆಸ್ತಿಯನ್ನು ಬ್ಯಾಂಕು ವಶಕ್ಕೆ ಪಡೆಯಲು ಇರುವ 2002ರ ಸರ್ಫೇಸಿ ಕಾಯ್ದೆಯಡಿ 60 ದಿನದ ನೋಟಿಸ್, ಆಮೇಲೆ ಮನೆಗೇ ಕೈ ಹಾಕುತ್ತಾರೆ.

ಇನ್ನೊಂದು ಮಾತು, ಕೋಪ ಮಾಡ್ಕೋಬೇಡಿ. 25 ಲಕ್ಷಕ್ಕೆ ಶೇಕಡ 8.5ರ ಬಡ್ಡಿ, 20 ವರ್ಷ ಅಂದರೆ ತಿಂಗಳಿಗೆ ಸುಮಾರು 21,700. ಉಳಿಯೋದು 6,300. ಅದರಲ್ಲಿ ರೇಷನ್ನು, ಮಕ್ಕಳ ಫೀಸು, ಗ್ಯಾಸು ಹೇಗೆ? ಅದೇ 14 ಲಕ್ಷ ತೆಗೆದುಕೊಂಡರೆ ಕಂತು 12,150ರ ಹತ್ತಿರ. ಮನೆಯಲ್ಲಿ ಇನ್ನೊಬ್ಬರ ದುಡಿಮೆ ಇದ್ದರೆ, ಅದಕ್ಕೆ ಸರಿಯಾದ ದಾಖಲೆ ಇದ್ದರೆ, ಅವರನ್ನು ಸಹ ಅರ್ಜಿದಾರರಾಗಿ ಸೇರಿಸಿ.

ಬ್ಯಾಂಕಿಗೆ ಎರಡು ಸಾಲಿನ ಪತ್ರ ಸಾಕು: ಅರ್ಜಿ ವಾಪಸ್ ಪಡೆಯುತ್ತಿದ್ದೇನೆ, ಕಾಗದ ಹಿಂದಿರುಗಿಸಿ. ಸ್ವೀಕೃತಿ ಸೀಲು ಹಾಕಿಸಿಕೊಳ್ಳಿ. ಏಜೆಂಟ್ ಜೊತೆಗಿನ ವಾಟ್ಸಾಪ್ ಮಾತುಕತೆ ಯಾವುದನ್ನೂ ಅಳಿಸಬೇಡಿ. ಬ್ಯಾಂಕಿನವರು ವಿವರ ಕೇಳಿದರೆ ಇನ್ನೊಂದು ಸುಳ್ಳು ಸೇರಿಸಬೇಡಿ, ಮೊದಲು ಒಬ್ಬ ವಕೀಲರನ್ನು ಕಾಣಿ. ಫೀಸು ಕೊಡೋಕೆ ಕಷ್ಟ ಅನ್ನಿಸಿದರೆ ತುಮಕೂರಿನ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ವಿಚಾರಿಸಿ. ವರ್ಷದ ಆದಾಯದ ಮಿತಿಯೊಳಗೆ ಇರುವವರಿಗೆ ಅಲ್ಲಿ ವಕೀಲರ ನೆರವು ಉಚಿತ.