ಫ್ರಿಜ್ ಮೇಲಿನ ಚೀಟಿ

ಪ್ರಶ್ನೆ: ನನಗೆ 21 ವರ್ಷ, ಊರು ಧಾರವಾಡ. ಒಂದು ಸೆಮಿಸ್ಟರ್‌ಗೆ ಎಕ್ಸ್‌ಚೇಂಜ್ ವಿದ್ಯಾರ್ಥಿನಿಯಾಗಿ ಜರ್ಮನಿಯ ಟ್ಯೂಬಿಂಗೆನ್‌ಗೆ ಬಂದು ಎರಡು ತಿಂಗಳಾಯಿತು. ಹಾಸ್ಟೆಲಿನಲ್ಲಿ ನಾಲ್ಕು ಜನಕ್ಕೆ ಒಂದು ಅಡುಗೆಮನೆ. ಉಳಿದ ಮೂವರೂ ಜರ್ಮನ್ ಹುಡುಗಿಯರು. 'ಹಲೋ' ಅಂದು ಬಾಗಿಲು ಹಾಕಿಕೊಳ್ಳುತ್ತಾರೆ. ನನ್ನ ಒಗ್ಗರಣೆ ವಾಸನೆ ಅವರಿಗೆ ಆಗುವುದಿಲ್ಲವೇನೋ ಅಂತ, ಅವರೆಲ್ಲ ರೂಮು ಸೇರಿದ ಮೇಲೆ, ರಾತ್ರಿ ಹತ್ತು ದಾಟಿಸಿ ಕುಕ್ಕರ್ ಇಡುತ್ತೇನೆ. ಆದರೂ ಮೊನ್ನೆ ಫ್ರಿಜ್ ಮೇಲೆ ಚೀಟಿ: 'ಹತ್ತರ ನಂತರ ದಯವಿಟ್ಟು ಸದ್ದು ಮಾಡಬೇಡಿ.' ಎದುರಿಗೆ ಹೇಳುವಷ್ಟೂ ನಾನು ಬೇಡವಾದೆನಾ? ದಿನಾ ಸಂಜೆ ಅವ್ವನ ಜೊತೆ ಎರಡು ತಾಸು ಫೋನಿನಲ್ಲಿ ಮಾತಾಡುವುದೊಂದೇ ಸಮಾಧಾನ. ಅವಳಿಗೂ 'ಎಲ್ಲಾ ಚಲೋ ಐತಿ' ಅಂತ ಸುಳ್ಳು ಹೇಳುತ್ತಿದ್ದೇನೆ. ವಾಪಸ್ ಬಂದುಬಿಡಲೇ?

ಉತ್ತರ: ಆ ಚೀಟಿಯನ್ನು ಇನ್ನೊಮ್ಮೆ ಓದಿ. ಅದರಲ್ಲಿ ವಾಸನೆಯ ಮಾತೇ ಇಲ್ಲ, ಇರುವುದು ಸದ್ದಿನ ಮಾತು. ಜರ್ಮನಿಯಲ್ಲಿ ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ ಸದ್ದು ಮಾಡುವಂತಿಲ್ಲ. ಅದಕ್ಕೆ 'ರೂಹೆತ್ಸೈಟ್' ಅಂತ ಹೆಸರೂ ಇದೆ. ಆ ಹೊತ್ತಿನಲ್ಲೇ ನಿಮ್ಮ ಕುಕ್ಕರ್ ಮೂರು ಸೀಟಿ ಹೊಡೆಯುತ್ತಿದೆ. ಅವರಿಗೆ ತೊಂದರೆ ಬೇಡ ಅಂತ ನೀವು ಹುಡುಕಿದ ಹೊತ್ತೇ ಅವರಿಗೆ ತೊಂದರೆಯಾಗಿದೆ. ಓದುತ್ತಾ ನನಗೆ ಸ್ವಲ್ಪ ನಗು ಬಂತು, ಬೇಜಾರು ಮಾಡಿಕೊಳ್ಳಬೇಡಿ.

ನಮ್ಮಲ್ಲಿ ಒಂದೇ ಮನೆಯವರು ಚೀಟಿ ಬರೆದಿಟ್ಟರೆ ಮಾತು ಬಿಟ್ಟರು ಅಂತಲೇ ಅರ್ಥ. ಅಲ್ಲಿ ಹಾಗಿಲ್ಲ. ಕಸ ಯಾರು ಒಯ್ಯಬೇಕು, ಈ ವಾರ ಒಲೆ ಯಾರು ಒರೆಸಬೇಕು, ಎಲ್ಲವೂ ಕಾಗದದ ಮೇಲೆಯೇ. ಅದರಲ್ಲೂ ನೀವಿರುವುದು ನೈಋತ್ಯ ಜರ್ಮನಿಯ ಸ್ವೇಬಿಯನ್ನರ ಸೀಮೆ. ಮೆಟ್ಟಿಲು ಗುಡಿಸುವ ಸರದಿಗೂ 'ಕೇರ್‌ವೊಖೆ' ಅಂತ ಹೆಸರಿಟ್ಟುಕೊಂಡ ಜನ ಅವರು! ನಾಳೆ ಬಾಗಿಲು ತಟ್ಟಿ, 'ಗೊತ್ತಿರಲಿಲ್ಲ, ಇನ್ನು ಎಂಟರೊಳಗೆ ಅಡುಗೆ ಮುಗಿಸುತ್ತೇನೆ' ಅನ್ನಿ. ವಾಸನೆಯ ವಿಷಯವನ್ನೂ ಆಗಲೇ ಕೇಳಿಬಿಡಿ. ಆಗದಿದ್ದರೆ ಆಗಲ್ಲ ಅಂತ ಹೇಳುತ್ತಾರೆ. ಕಿಟಕಿ ತೆರೆದಿಟ್ಟರಾಯಿತು.

ನನ್ನನ್ನು ಕಾಡಿದ್ದು ಚೀಟಿಗಿಂತ ನಿಮ್ಮ ಸಂಜೆ. ಚಳಿಗಾಲದಲ್ಲಿ ನಮಗೂ ಅಲ್ಲಿಗೂ ನಾಲ್ಕೂವರೆ ತಾಸಿನ ವ್ಯತ್ಯಾಸ. ಅವ್ವ ಊಟ ಮುಗಿಸಿ ಒಂಬತ್ತಕ್ಕೆ ಫೋನ್ ಹಿಡಿದರೆ ನಿಮಗೆ ನಾಲ್ಕೂವರೆ, ಹೊರಗೆ ಆಗಲೇ ಕತ್ತಲಾಗುವ ಹೊತ್ತು. ನೀವು ಫೋನ್ ಇಟ್ಟು ಕಣ್ಣೊರೆಸಿಕೊಂಡು ಬರುವಷ್ಟರಲ್ಲಿ ಏಳು. ಅಲ್ಲಿ ರಾತ್ರಿ ಊಟ ಬೇಗ. ಬ್ರೆಡ್ಡು, ಚೀಸು ತಿಂದು, ತಟ್ಟೆ ತೊಳೆದಿಟ್ಟು ಅವರು ರೂಮು ಸೇರಿರುತ್ತಾರೆ. ನಿಮಗೆ ಕಾಣುವುದು ಮುಚ್ಚಿದ ಬಾಗಿಲು ಮಾತ್ರ. ಅಡುಗೆಮನೆಯಲ್ಲಿ ಜನ ಇದ್ದ ಆ ಒಂದು ತಾಸು ನೀವು ಧಾರವಾಡದಲ್ಲಿದ್ದಿರಿ, ಅಲ್ವಾ?

ಅವ್ವನನ್ನು ಭಾನುವಾರಕ್ಕೆ ಇಟ್ಟುಕೊಳ್ಳಿ. ಅವತ್ತು ಅಲ್ಲಿ ಅಂಗಡಿಗಳೂ ಮುಚ್ಚಿರುತ್ತವೆ, ಕೆಲಸ ಕಮ್ಮಿ. ನಿಮ್ಮ ಬೆಳಗಿನ ಹತ್ತಕ್ಕೆ ಅವಳಿಗೆ ಮಧ್ಯಾಹ್ನ ಎರಡೂವರೆ, ಬೇಕಾದಷ್ಟು ಮಾತಾಡಿ. ಉಳಿದ ದಿನ ಹತ್ತು ನಿಮಿಷ ಸಾಕು. ಸುಳ್ಳು ಮಾತ್ರ ಬಿಟ್ಟುಬಿಡಿ. ಮಗಳು ದಿನಾ ಎರಡು ತಾಸು ಫೋನ್ ಮಾಡಿದರೆ ಎಲ್ಲಾ ಚಲೋ ಇಲ್ಲ ಅಂತ ಯಾವ ಅವ್ವನಿಗೆ ತಿಳಿಯುವುದಿಲ್ಲ?

ಇನ್ನು ಆ ಮೂವರನ್ನು ಊಟಕ್ಕೆ ಕರೆಯಿರಿ. 'ಯಾವಾಗಾದ್ರೂ ಬನ್ನಿ' ಅನ್ನುವ ನಮ್ಮ ಉಪಚಾರ ಅಲ್ಲಿ ನಡೆಯುವುದಿಲ್ಲ. 'ಮುಂದಿನ ಗುರುವಾರ, ಏಳು ಗಂಟೆ' ಅನ್ನಬೇಕು. ಡೈರಿ ನೋಡಿ ಆಗುತ್ತೆ, ಆಗಲ್ಲ ಅಂತಾರೆ. ಬರುತ್ತೇನೆ ಅಂದವರು ಏಳಕ್ಕೇ ಬರುತ್ತಾರೆ, ಆರೂವರೆಗೇ ಒಗ್ಗರಣೆ ಹಾಕಿಡಿ. ಯೂನಿವರ್ಸಿಟಿಯ ಕ್ರೀಡಾ ತರಗತಿಗಳಲ್ಲಿ ಒಂದಕ್ಕೆ ಸೇರಿ, ಯಾವುದಾದರೂ ಸರಿ. ವಾರ ವಾರ ಅದೇ ಮುಖಗಳು ಸಿಗಬೇಕು, ಅಷ್ಟೇ.

ಮಾತಿಗೆ ವಿಷಯ ಬೇಕಾದರೆ ಒಂದಿದೆ. ಧಾರವಾಡದ ಕಿಟೆಲ್ ಕಾಲೇಜಿನ ಮುಂದೆ ಎಷ್ಟೋ ಸಲ ಓಡಾಡಿರುತ್ತೀರಿ. ಆ ಜರ್ಮನ್ ಪಾದ್ರಿ ಫರ್ಡಿನಂಡ್ ಕಿಟೆಲ್ 1853ರಲ್ಲಿ ಬಾಸೆಲ್ ಮಿಷನ್‌ನಿಂದ ನಮ್ಮ ಕಡೆ ಬಂದಾಗ ವಯಸ್ಸು ನಿಮ್ಮಷ್ಟೇ, 21. ಕನ್ನಡ ಕಲಿತು, 1894ರಲ್ಲಿ ಕನ್ನಡ-ಇಂಗ್ಲಿಷ್ ನಿಘಂಟು ಹೊರತಂದು, 1903ರಲ್ಲಿ ತೀರಿಕೊಂಡದ್ದು ನೀವಿರುವ ಟ್ಯೂಬಿಂಗೆನ್‌ನಲ್ಲಿ. ನಿಮ್ಮ ರೂಮ್‌ಮೇಟ್‌ಗಳಿಗೆ ಈ ಹೆಸರು ಗೊತ್ತಿರುವುದು ಅನುಮಾನ. ಹೇಳಿ ನೋಡಿ.

ವಾಪಸ್ ಬರುವ ಮಾತು. ಫೆಬ್ರವರಿಯಲ್ಲಿ ಪಾಠ ಮುಗಿಯುತ್ತೆ. ಒಂದು ಚೀಟಿಗಾಗಿ ಟಿಕೆಟ್ ತೆಗೆಸಬೇಡಿ ಅನ್ನುವುದು ನನ್ನ ಅಭಿಪ್ರಾಯ. ಆದರೆ ನಿದ್ದೆ ಬರುತ್ತಿಲ್ಲ, ಊಟ ಸೇರುತ್ತಿಲ್ಲ, ಕ್ಲಾಸಿಗೆ ಹೋಗುವುದೇ ಬೇಡ ಅನ್ನಿಸುತ್ತಿದೆ ಅಂದರೆ ಆಗ ಬೇರೆ. ಹಾಸ್ಟೆಲ್ ನಡೆಸುವ ಸ್ಟುಡಿಯೆರೆಂಡೆನ್‌ವೆರ್ಕ್‌ನಲ್ಲೇ ಆಪ್ತ ಸಮಾಲೋಚಕರಿದ್ದಾರೆ. ಈ ವಾರವೇ ಸಮಯ ಕೇಳಿ. ಅದಾದ ಮೇಲೂ ಬರಬೇಕೆನಿಸಿದರೆ ಬನ್ನಿ, ನಾಚಿಕೆ ಏನಿಲ್ಲ.

ಕ್ರಿಸ್‌ಮಸ್‌ಗೆ ಮಾತ್ರ ಈಗಲೇ ತಯಾರಾಗಿ. ಎಲ್ಲರೂ ಊರಿಗೆ ಹೋಗಿ ಹಾಸ್ಟೆಲ್ ಖಾಲಿ ಹೊಡೆಯುತ್ತೆ. 24ರ ಮಧ್ಯಾಹ್ನಕ್ಕೆ ಅಂಗಡಿ ಮುಚ್ಚಿದರೆ 25, 26 ಎರಡೂ ದಿನ ತೆರೆಯುವುದಿಲ್ಲ. ಅಕ್ಕಿ, ಬೇಳೆ, ಹಾಲು ತಂದಿಟ್ಟುಕೊಳ್ಳಿ. ನಿಮ್ಮ ಹಾಗೆಯೇ ಉಳಿಯುವ ಎಕ್ಸ್‌ಚೇಂಜ್ ವಿದ್ಯಾರ್ಥಿಗಳು ಯಾರು ಅಂತ ಈಗಲೇ ವಿಚಾರಿಸಿ.

ಹಾಂ, ಗುರುವಾರದ ಊಟಕ್ಕೆ ಶೇಂಗಾ ಚಟ್ನಿಪುಡಿ ತೆಗೆಯುವ ಮುಂಚೆ ಶೇಂಗಾ ಅಲರ್ಜಿ ಯಾರಿಗಾದರೂ ಇದೆಯಾ ಅಂತ ಕೇಳಿ. ಬೇಕಿದ್ದರೆ ಫ್ರಿಜ್ ಮೇಲೆ ಒಂದು ಚೀಟಿ ಅಂಟಿಸಿ.