ಅಪ್‌ಡೇಟ್ ಆದಮೇಲೆ ಸರ್ವರ್ ಏಳ್ತಿಲ್ಲ, ಫಾರ್ಮ್ಯಾಟ್ ಮಾಡಿಸಲಾ?

ಪ್ರಶ್ನೆ: ಸರ್, ನಮಸ್ಕಾರ. ಡೊಂಬಿವಲಿಯಲ್ಲಿ ನಮ್ಮ ಮಾವನ ಉಡುಪಿ ಹೋಟೆಲ್ ಇದೆ. ಗಲ್ಲಾದ ಮೇಲಿನ ಅಟ್ಟದಲ್ಲಿ ಒಂದು ಹಳೇ ಕಂಪ್ಯೂಟರ್ ಇಟ್ಟು, ಅದಕ್ಕೆ ಉಬುಂಟು ಸರ್ವರ್ ಎಂಬ ಲಿನಕ್ಸ್ ಹಾಕಿ ಬಿಲ್ಲಿಂಗ್ ನಡೆಸುತ್ತಿದ್ದೇವೆ. ಅಡುಗೆಮನೆಗೆ ಕೆಓಟಿ (ಆರ್ಡರ್ ಚೀಟಿ) ಹೋಗುವುದೂ ಅದರಿಂದಲೇ. ಕಳೆದ ಭಾನುವಾರ ರಾತ್ರಿ ನಾನೇ ಅಪ್‌ಡೇಟ್ ಮಾಡಿದೆ. ಕೊನೆಯಲ್ಲಿ ಏನೋ ಎರರ್ ಬಂತು, ನಿದ್ದೆ ಬರುತ್ತಿತ್ತು, ಓದಲಿಲ್ಲ. ನಾಲ್ಕು ದಿನ ಚೆನ್ನಾಗಿಯೇ ಓಡಿತು. ಗುರುವಾರ ಕರೆಂಟ್ ಹೋಗಿ ಬಂದಮೇಲೆ ಏಳುತ್ತಿಲ್ಲ. ಪರದೆಯ ಮೇಲೆ ‘ಕರ್ನಲ್ ಪ್ಯಾನಿಕ್, ಅನೇಬಲ್ ಟು ಮೌಂಟ್ ರೂಟ್ ಎಫ್‌ಎಸ್ ಆನ್ ಅನ್‌ನೋನ್ ಬ್ಲಾಕ್ (0,0)’ ಅಂತ ಬಂದು ನಿಂತುಬಿಡುತ್ತದೆ. ರಿಪೇರಿಯವನು ಹಾರ್ಡ್‌ಡಿಸ್ಕ್ ಹೋಗಿದೆ, ಹೊಸದು ಹಾಕಿ ಫಾರ್ಮ್ಯಾಟ್ ಮಾಡೋಣ ಎನ್ನುತ್ತಾನೆ. ಎರಡು ದಿನದಿಂದ ಕೈಬಿಲ್. ಮಾವ ನನ್ನ ಜೊತೆ ಮಾತಾಡುತ್ತಿಲ್ಲ.
– ಹೋಟೆಲ್ ಅಳಿಯ, ಡೊಂಬಿವಲಿ ಪೂರ್ವ

ಉತ್ತರ: ಪತ್ರಿಕೆ ಅಚ್ಚಾಗುವವರೆಗೆ ಇವರು ಕಾದಿದ್ದರೆ ಮಾವ ಮನೆಯಿಂದಲೇ ಹೊರಗೆ ಹಾಕುತ್ತಿದ್ದರು. ಹಾಗಾಗಿ ಇವರಿಗೆ ಮೊದಲೇ ಉತ್ತರ ಕಳಿಸಿದ್ದೆ, ಯಂತ್ರ ಈಗ ಎದ್ದಿದೆ. ಇದೇ ತೊಂದರೆ ಬೇರೆಯವರಿಗೂ ಬರುವಂಥದ್ದು, ಅದಕ್ಕೆ ಪೂರ್ತಿ ಬರೆಯುತ್ತೇನೆ.

ಮೊದಲು ಆ ರಿಪೇರಿಯವನ ಮಾತು. ಡಿಸ್ಕ್ ಹೋಗಿದೆ ಎನ್ನುತ್ತಾನಲ್ಲ, ಹಾಗಿದ್ದರೆ ಈ ಕರ್ನಲ್, ಅಂದರೆ ಇಡೀ ಯಂತ್ರ ನಡೆಸುವ ಮೂಲ ತಂತ್ರಾಂಶ, ಎಲ್ಲಿಂದ ಬಂತು? ‘ಪ್ಯಾನಿಕ್’ ಎಂದು ಬರೆದದ್ದೇ ಕರ್ನಲ್. ಅದು ಬಂದದ್ದು ಅದೇ ಡಿಸ್ಕಿನಿಂದ. ಡಿಸ್ಕ್ ಸಾಯುತ್ತಿದ್ದರೆ ಸಾಮಾನ್ಯವಾಗಿ ‘ಐ/ಓ ಎರರ್’ ಎಂಬ ಸಾಲುಗಳು ಒಂದರ ಹಿಂದೆ ಒಂದು ಬೀಳುತ್ತವೆ. ನಿಮ್ಮ ಫೋಟೋದಲ್ಲಿ ಅಂಥದ್ದು ಒಂದೂ ಇಲ್ಲ. ಫಾರ್ಮ್ಯಾಟ್ ಮಾಡಿದ್ದರೆ ವರ್ಷಗಳ ಬಿಲ್ ಲೆಕ್ಕ ಹೋಗುತ್ತಿತ್ತು, ಜಿಎಸ್‌ಟಿ ತುಂಬುವಾಗ ಗೊತ್ತಾಗುತ್ತಿತ್ತು ಮಜಾ.

ಆಗಿರುವುದು ಏನು ಅಂದರೆ, ಬೆಳಿಗ್ಗೆ 5ಕ್ಕೆ ಭಟ್ಟರು ಬಂದಿದ್ದಾರೆ, ಆದರೆ ಶಟರ್ ಎತ್ತುವ ಹುಡುಗ ಬಂದಿಲ್ಲ. ಕೀಲಿ ಅವನ ಹತ್ತಿರ. ಭಟ್ಟರು ಎಷ್ಟೇ ಗಟ್ಟಿಗರಾದರೂ ಬೀದಿಯಲ್ಲಿ ನಿಂತು ಇಡ್ಲಿ ಬೇಯಿಸೋಕಾಗಲ್ಲ. ಇಲ್ಲಿ ಭಟ್ಟರು ಎಂದರೆ ಕರ್ನಲ್. ಆ ಹುಡುಗ ಎಂದರೆ ಇನಿಟ್‌ರಾಮ್‌ಎಫ್‌ಎಸ್, ಅಂದರೆ ಡಿಸ್ಕ್ ಗುರುತಿಸಲು ಬೇಕಾದ ಡ್ರೈವರ್, ಎಲ್‌ವಿಎಂ (ಡಿಸ್ಕನ್ನು ಭಾಗ ಮಾಡಿಡುವ ಒಂದು ವ್ಯವಸ್ಥೆ) ತೆರೆಯುವ ಸಾಮಾನು ಎಲ್ಲ ಕಟ್ಟಿಟ್ಟ ಒಂದು ಸಣ್ಣ ಗಂಟು. ಪ್ರತಿ ಕರ್ನಲ್‌ಗೂ ಅದರದೇ ಗಂಟು ಬೇಕು. ಅಪ್‌ಡೇಟ್ ಆಗುವಾಗ ಹೊಸ ಕರ್ನಲ್ ಬಂತು, ಅದರ ಗಂಟು ಕಟ್ಟುವಷ್ಟರಲ್ಲಿ ಜಾಗ ಮುಗಿಯಿತು. ನೀವು ಓದದೆ ಬಿಟ್ಟ ಎರರ್ ಬಹುಶಃ ಅದೇ, ‘ನೋ ಸ್ಪೇಸ್ ಲೆಫ್ಟ್ ಆನ್ ಡಿವೈಸ್’.

500 ಜಿಬಿ ಡಿಸ್ಕಿನಲ್ಲಿ ಜಾಗ ಹೇಗೆ ಮುಗಿಯಿತು ಎಂದು ಕೇಳಬಹುದು. ಡಿಸ್ಕಿನಲ್ಲಿ ಮುಗಿದಿಲ್ಲ, ಕರ್ನಲ್‌ಗಳನ್ನು ಇಡುವ /ಬೂಟ್ ಎಂಬ ಚಿಕ್ಕ ವಿಭಾಗದಲ್ಲಿ ಮುಗಿದಿದೆ. ಹಳೇ ಕಾಲದಲ್ಲಿ ಎಲ್‌ವಿಎಂ ಜೊತೆ ಇನ್‌ಸ್ಟಾಲ್ ಮಾಡಿದ ಉಬುಂಟುಗಳಲ್ಲಿ ಇದು ಅರ್ಧ ಜಿಬಿ ಮಾತ್ರ ಇರುತ್ತಿತ್ತು. ಈಗಿನ ಒಂದೊಂದು ಕರ್ನಲ್ಲೂ ಗಂಟು ಸಮೇತ ಸುಮಾರು 100 ಎಂಬಿ ತಿನ್ನುತ್ತದೆ. ಲೆಕ್ಕ ಹಾಕಿ, ನಾಲ್ಕು ಕೂತರೆ ಐದನೆಯದಕ್ಕೆ ಜಾಗವಿಲ್ಲ, ನಮ್ಮ ಲೋಕಲ್ ರೈಲಿನಲ್ಲಿ ಆದರೆ ಹೇಗೋ ಸರಿದು ಕೂರುತ್ತಾರೆ, ಇಲ್ಲಿ ಹಾಗೆ ಸರಿಯುವವರಿಲ್ಲ.

ಇನ್ನು, ನಾಲ್ಕು ದಿನ ಚೆನ್ನಾಗಿತ್ತು, ಹಾಗಾದರೆ ತಪ್ಪು ಅಪ್‌ಡೇಟಿನದಲ್ಲ ಅಲ್ವಾ ಎಂದು ಆಮೇಲೆ ಮೇಲ್‌ನಲ್ಲಿ ಕೇಳಿದ್ದರು. ಅದರದ್ದೇ. ಅಪ್‌ಡೇಟ್ ಮಾಡಿದ ಮಾತ್ರಕ್ಕೆ ಹೊಸ ಕರ್ನಲ್ ಓಡುವುದಿಲ್ಲ. ಯಂತ್ರ ಆರಿಸಿ ಹಚ್ಚುವವರೆಗೆ ಮೆಮೊರಿಯಲ್ಲಿ ಹಳೆಯದೇ ಓಡುತ್ತಿರುತ್ತದೆ. ಭಾನುವಾರದ ತಪ್ಪು ಗುರುವಾರ ಕರೆಂಟ್ ಹೋದಾಗ ಹೊರಬಿತ್ತು ಅಷ್ಟೆ. ನಾನು ಮಹಾಪೆಯ ಒಂದು ಡೇಟಾ ಸೆಂಟರಿನಲ್ಲಿ ರಾತ್ರಿ ಪಾಳಿ ಮಾಡುತ್ತಿದ್ದಾಗ ಒಂದು ಯಂತ್ರ ಒಂದು ವರ್ಷಕ್ಕೂ ಹೆಚ್ಚು ಆರದೆ ಓಡಿತ್ತು, ಎಲ್ಲರಿಗೂ ಅದೊಂದು ಹೆಮ್ಮೆ, ಆರಿಸಿದ ದಿನ ಅದು ಏಳಲಿಲ್ಲ, ಮತ್ತೆ ಆ ವರ್ಷದಲ್ಲಿ ಆಗಿದ್ದ ಅಪ್‌ಡೇಟುಗಳಲ್ಲಿ ಯಾವುದು ಕೆಡಿಸಿತು ಎಂದು ಹುಡುಕುವುದರಲ್ಲಿ ಬೆಳಗಾಯಿತು.

ಸರಿ, ಎಬ್ಬಿಸುವುದು ಹೇಗೆ. (ಕಮಾಂಡುಗಳನ್ನು ಇಲ್ಲಿ ಕನ್ನಡದಲ್ಲಿ ಬರೆದಿದ್ದೇನೆ, ನೀವು ಇಂಗ್ಲಿಷ್ ಅಕ್ಷರದಲ್ಲೇ ಹೊಡೆಯಬೇಕು.) ಅಟ್ಟ ಹತ್ತಿ ಒಂದು ಮಾನಿಟರ್, ಒಂದು ತಂತಿ ಇರುವ ಕೀಬೋರ್ಡ್ ಹಾಕಿ. ತಂತಿ ಇಲ್ಲದವು ಕೆಲವು ಸಲ ಈ ಹೊತ್ತಿನಲ್ಲಿ ಕೆಲಸ ಮಾಡುವುದಿಲ್ಲ. ಯಂತ್ರ ಹಚ್ಚಿದ ತಕ್ಷಣ ಶಿಫ್ಟ್ ಒತ್ತಿ ಹಿಡಿಯಿರಿ. ಯುಇಎಫ್‌ಐ (ಯಂತ್ರ ಎಬ್ಬಿಸುವ ಹೊಸ ಬಗೆಯ ವ್ಯವಸ್ಥೆ) ಇರುವ ಹೊಸ ಯಂತ್ರವಾದರೆ ಎಸ್ಕೇಪ್ ಒಂದೆರಡು ಸಲ ತಟ್ಟಿದರೆ ಸಾಕು, ಜಾಸ್ತಿ ತಟ್ಟಿದರೆ ಮೆನು ದಾಟಿ ಗ್ರಬ್‌ನ (ಯಾವ ಕರ್ನಲ್ ಹಚ್ಚಬೇಕೆಂದು ಕೇಳುವ ತಂತ್ರಾಂಶ) ಕಪ್ಪು ಪರದೆಗೆ ಹೋಗುತ್ತದೆ. ಹಾಗಾದರೆ ಹೆದರಬೇಡಿ, ಆರಿಸಿ ಮತ್ತೆ ಹಚ್ಚಿ. ಗ್ರಬ್ ಮೆನುವಿನಲ್ಲಿ ‘ಅಡ್ವಾನ್ಸ್ಡ್ ಆಪ್ಷನ್ಸ್’ ಒಳಗೆ ಹೋದರೆ ಕರ್ನಲ್‌ಗಳ ಪಟ್ಟಿ ಇರುತ್ತದೆ. ಮೇಲಿನದು ಹೊಸದು, ಅದನ್ನು ಬಿಟ್ಟು ಅದರ ಕೆಳಗಿನ ಹಳೆಯದನ್ನು ಆಯ್ದುಕೊಳ್ಳಿ. ರಿಕವರಿ ಮೋಡ್ ಎಂದು ಬರೆದಿರುವುದನ್ನಲ್ಲ, ಸಾದಾ ಇರುವುದನ್ನು. ಹಳೇ ಕರ್ನಲ್ ತನ್ನ ಗಂಟಿನ ಜೊತೆ ಅಲ್ಲೇ ಇದೆ, ಯಾರೂ ಅದನ್ನು ಮುಟ್ಟಿಲ್ಲ. ಇವರ ಯಂತ್ರ ಇಲ್ಲಿಗೇ ಎದ್ದಿತು, ಕೆಓಟಿ ಮತ್ತೆ ಹೊರಟಿತು.

ಎದ್ದಿತು ಎಂದು ಅಲ್ಲಿಗೇ ಬಿಡಬೇಡಿ, ಮುಂದಿನ ಸಲ ಕರೆಂಟ್ ಹೋದರೆ ಇದೇ ಕತೆ. ರಾತ್ರಿ ಹೋಟೆಲ್ ಮುಚ್ಚಿದ ಮೇಲೆ ಕೂತು ರಿಪೇರಿ ಮಾಡಿ. ಎಲ್ಲಕ್ಕಿಂತ ಮೊದಲು ಬಿಲ್ಲಿಂಗ್ ಡೇಟಾಬೇಸನ್ನು ಮೈಎಸ್‌ಕ್ಯೂಎಲ್‌ಡಂಪ್ ಮಾಡಿ (ಪೂರ್ತಿ ನಕಲು ತೆಗೆದು) ಪೆನ್‌ಡ್ರೈವಿಗೆ ಹಾಕಿಕೊಳ್ಳಿ. ಆಮೇಲೆ ‘ಯುನೇಮ್ -ಆರ್’ ಹೊಡೆದು ಈಗ ಓಡುತ್ತಿರುವ ಕರ್ನಲ್ ನಂಬರನ್ನು ಕಾಗದದ ಮೇಲೆ ಬರೆದಿಡಿ. ಇದೊಂದನ್ನು ಮಾತ್ರ ಏನೇ ಆದರೂ ಅಳಿಸಬಾರದು. ‘ಡಿಎಫ್ -ಎಚ್ /ಬೂಟ್’ ಹೊಡೆದರೆ ಎಷ್ಟು ತುಂಬಿದೆ ಎಂದು ಕಾಣುತ್ತದೆ, ಇವರದು 100 ಪರ್ಸೆಂಟ್ ಇತ್ತು.

ಜಾಗ ಬಿಡಿಸಲು ‘ಸುಡೊ ಆಪ್ಟ್ ಆಟೊರಿಮೂವ್ --ಪರ್ಜ್’ ಸಾಕಾಗುತ್ತದೆ, ಸಾಮಾನ್ಯವಾಗಿ. ಕೈಯಿಂದ ಹೆಸರು ಹೇಳಿ ಹಾಕಿದ ಕರ್ನಲ್‌ಗಳನ್ನು ಅದು ಮುಟ್ಟುವುದಿಲ್ಲ, ಅವನ್ನು ‘ಡಿಪಿಕೆಜಿ -ಎಲ್’ ಪಟ್ಟಿಯಲ್ಲಿ ಹುಡುಕಿ ಒಂದೊಂದಾಗಿ ಪರ್ಜ್ ಮಾಡಬೇಕು, ಅಂದರೆ ಪೂರ್ತಿ ತೆಗೆಯಬೇಕು. ಇವರ ಕೇಸಿನಲ್ಲಿ ಇನ್ನೂ ಒಂದು ತೊಡಕು ಬಂತು. ಅರ್ಧಕ್ಕೆ ನಿಂತ ಅಪ್‌ಡೇಟ್ ಮುಗಿಯದೆ ಆಪ್ಟ್ (ತಂತ್ರಾಂಶ ಹಾಕಿ ತೆಗೆಯುವ ಸಾಧನ) ಬೇರೆ ಕೆಲಸ ಮಾಡಲ್ಲ ಎನ್ನುತ್ತದೆ, ಅಪ್‌ಡೇಟ್ ಮುಗಿಸೋಣ ಎಂದರೆ ಜಾಗವಿಲ್ಲ. ಅತ್ತೆಗೂ ಸೊಸೆಗೂ ನಡುವೆ ಸಿಕ್ಕಿಕೊಂಡ ಹಾಗೆ. ಆಗ ಒಂದೇ ದಾರಿ. /ಬೂಟ್ ಒಳಗಿನ ಎಲ್ಲಕ್ಕಿಂತ ಹಳೇ ಕರ್ನಲಿನ ಇನಿಟ್‌ಆರ್‌ಡಿ ಫೈಲನ್ನು (ಮೇಲೆ ಹೇಳಿದ ಗಂಟು ಇದೇ), ಕಾಗದದ ಮೇಲೆ ಬರೆದ ನಂಬರಿನದಲ್ಲ ಎಂದು ಎರಡು ಸಲ ನೋಡಿಕೊಂಡು, ರೂಟ್ ಫೋಲ್ಡರಿಗೆ ಸಾಗಿಸಿ. ಅಳಿಸಬೇಡಿ, ಸಾಗಿಸಿ. ಆಮೇಲೆ ‘ಆಪ್ಟ್ -ಎಫ್ ಇನ್‌ಸ್ಟಾಲ್’ ಹೊಡೆದರೆ ಅರ್ಧಕ್ಕೆ ನಿಂತದ್ದು ಮುಗಿಯುತ್ತದೆ, ನಂತರ ಹಳೆಯವನ್ನು ಸರಿಯಾದ ರೀತಿಯಲ್ಲಿ ಪರ್ಜ್ ಮಾಡಿ. ಕರ್ನಲ್ ಫೈಲುಗಳನ್ನು ಸುಮ್ನೆ ಆರ್‌ಎಂ ಹೊಡೆದು ತೆಗೆಯುವವರಿದ್ದಾರೆ. ಫೈಲ್ ಹೋಗುತ್ತದೆ, ಆದರೆ ಪ್ಯಾಕೇಜ್ ಲೆಕ್ಕದಲ್ಲಿ ಅದು ಇದ್ದೇ ಇರುತ್ತದೆ, ಮುಂದಿನ ಅಪ್‌ಡೇಟಿನಲ್ಲಿ ಮತ್ತೆ ಗಲಾಟೆ.

ಕೊನೆಗೆ ‘ಅಪ್‌ಡೇಟ್-ಇನಿಟ್‌ರಾಮ್‌ಎಫ್‌ಎಸ್ -ಯು -ಕೆ ಆಲ್’, ಅದರ ಹಿಂದೆಯೇ ‘ಅಪ್‌ಡೇಟ್-ಗ್ರಬ್’. ಮತ್ತೆ ‘ಎಲ್‌ಎಸ್ -ಎಲ್‌ಎಚ್ /ಬೂಟ್’ ಹೊಡೆದು ಪ್ರತಿ ಕರ್ನಲ್‌ಗೂ ಒಂದು ಇನಿಟ್‌ಆರ್‌ಡಿ ಇದೆಯೇ, ಗಾತ್ರ ಹೆಚ್ಚುಕಮ್ಮಿ ಒಂದೇ ಇದೆಯೇ ನೋಡಿ. ಒಂದು 90 ಎಂಬಿ, ಇನ್ನೊಂದು 12 ಎಂಬಿ ಇದ್ದರೆ ಆ ಎರಡನೆಯದು ಅರ್ಧ ಕಟ್ಟಿದ ಗಂಟು. ಎಲ್ಲ ಸರಿ ಇದ್ದರೆ ನೀವು ಎದುರಿಗೆ ಕೂತಿರುವಾಗಲೇ ಒಮ್ಮೆ ರೀಬೂಟ್ ಮಾಡಿ.

ಮತ್ತೆ ಅಳಿಯಂದಿರೇ, ಅಟ್ಟದ ಮೇಲೆ ಅಡುಗೆಮನೆಯ ಬಿಸಿ ಗಾಳಿ, ಎಣ್ಣೆ ಜಿಡ್ಡು ಎಲ್ಲ ಸೇರುತ್ತದೆ. ಯಂತ್ರವನ್ನು ಅಲ್ಲಿಂದ ಇಳಿಸಿ, ಒಂದು ಸಣ್ಣ ಯುಪಿಎಸ್ ಹಾಕಿ. ಗ್ರಾಂಟ್ ರೋಡ್ ಸ್ಟೇಷನ್ನಿಗೆ ಇಳಿದು ಲ್ಯಾಮಿಂಗ್ಟನ್ ರೋಡಿಗೆ ನಡೆದರೆ ಹತ್ತು ಅಂಗಡಿ ವಿಚಾರಿಸಬಹುದು.

ಪ್ರಶ್ನೆ: ನಾನು ಪುಣೆಯಲ್ಲಿ ಸಣ್ಣ ಟ್ಯಾಕ್ಸ್ ಆಫೀಸ್ ನಡೆಸುತ್ತೇನೆ. ಫೈಲುಗಳಿಗೆ ಡೆಬಿಯನ್ (ಇದೂ ಒಂದು ಲಿನಕ್ಸ್) ಸರ್ವರ್ ಇದೆ. ಅಪ್‌ಡೇಟ್ ಮಾಡಿ ರೀಬೂಟ್ ಕೊಟ್ಟೆ. ಒಂದೂವರೆ ನಿಮಿಷ ಏನೋ ಎಣಿಸುತ್ತಾ ಕೂತು ಆಮೇಲೆ ‘ಯೂ ಆರ್ ಇನ್ ಎಮರ್ಜೆನ್ಸಿ ಮೋಡ್’ ಎನ್ನುತ್ತಿದೆ. ಬ್ಯಾಕಪ್ ಡಿಸ್ಕ್ ಮನೆಯಲ್ಲಿದೆ, ಅದರಿಂದ ಎಲ್ಲ ವಾಪಸ್ ಹಾಕಬೇಕೇ?
– ಚಿಂಚವಡ್‌ನ ಓದುಗರು

ಉತ್ತರ: ಮೇಡಂ, ಉತ್ತರ ನಿಮ್ಮ ಪ್ರಶ್ನೆಯಲ್ಲೇ ಇದೆ. ಆ ಬ್ಯಾಕಪ್ ಡಿಸ್ಕನ್ನು ಮನೆಗೆ ಒಯ್ದದ್ದೇ ಕಾರಣ ಇರಬೇಕು. ಅದನ್ನು ಯಾರೋ ಏಳುವಾಗ ಜೋಡಿಸಬೇಕಾದ ಡಿಸ್ಕುಗಳ /ಇಟಿಸಿ/ಎಫ್‌ಎಸ್‌ಟ್ಯಾಬ್ ಎಂಬ ಪಟ್ಟಿಯಲ್ಲಿ ಖಾಯಂ ಎಂದು ಬರೆದಿಟ್ಟಿದ್ದಾರೆ. ಏಳುವಾಗ ಸಿಸ್ಟಂಡಿ (ಎಲ್ಲವನ್ನೂ ಶುರು ಮಾಡುವ ತಂತ್ರಾಂಶ) ಅದಕ್ಕಾಗಿ 90 ಸೆಕೆಂಡ್ ಕಾಯುತ್ತದೆ, ಬರಲಿಲ್ಲ ಎಂದರೆ ಮುಂದೆ ಹೋಗದೆ ನಿಲ್ಲುತ್ತದೆ. ಅಪ್‌ಡೇಟಿನ ತಪ್ಪು ಏನೂ ಇಲ್ಲ ಇಲ್ಲಿ. ನಾಳೆ ಡಿಸ್ಕ್ ತಂದು ಚುಚ್ಚಿ ರೀಬೂಟ್ ಮಾಡಿ ನೋಡಿ, ಎದ್ದರೆ ಅನುಮಾನ ಖಾತ್ರಿ.

ಡಿಸ್ಕ್ ಇಲ್ಲದೆಯೇ ಏಳಬೇಕು ಎಂದರೆ ಆ ಪಟ್ಟಿಯಲ್ಲಿ ಆ ಸಾಲಿನ ಆಪ್ಷನ್ ಜಾಗದಲ್ಲಿ ‘ನೋಫೇಲ್’ ಎಂದು ಸೇರಿಸಿ. ಎಮರ್ಜೆನ್ಸಿ ಮೋಡಿನಲ್ಲಿ ರೂಟ್ ಪಾಸ್‌ವರ್ಡ್ ಕೊಟ್ಟು ಒಳಗೆ ಹೋಗಬೇಕು, ಫೈಲ್ ಸೇವ್ ಆಗದಿದ್ದರೆ ಮೊದಲು ‘ಮೌಂಟ್ -ಓ ರಿಮೌಂಟ್,ಆರ್‌ಡಬ್ಲ್ಯು /’ ಹೊಡೆಯಿರಿ. ಡೆಬಿಯನ್ ಹಾಕುವಾಗ ರೂಟ್ ಪಾಸ್‌ವರ್ಡ್ ಇಡದೆ ಬಿಟ್ಟಿದ್ದರೆ ‘ರೂಟ್ ಅಕೌಂಟ್ ಈಸ್ ಲಾಕ್ಡ್’ ಎಂದು ಹೇಳಿ ಬಾಗಿಲು ಹಾಕುತ್ತದೆ. ಆಗ ಲೈವ್ ಪೆನ್‌ಡ್ರೈವಿನಿಂದ (ಅದರಿಂದಲೇ ಲಿನಕ್ಸ್ ಓಡುವಂಥದ್ದು) ಯಂತ್ರ ಹಚ್ಚಿ, ಒಳಗಿನ ಡಿಸ್ಕ್ ಮೌಂಟ್ ಮಾಡಿ (ಜೋಡಿಸಿಕೊಂಡು) ಅದೇ ಫೈಲ್ ತಿದ್ದಬೇಕು. ತಿದ್ದಿ ಯಂತ್ರ ಎದ್ದಮೇಲೆ ‘ಫೈಂಡ್‌ಮೌಂಟ್ --ವೆರಿಫೈ’ ಹೊಡೆದರೆ ಪಟ್ಟಿಯಲ್ಲಿ ಬೇರೆ ತಪ್ಪು ಇದ್ದರೂ ಹೇಳುತ್ತದೆ. ಅಲ್ಲಿ ಎಸ್‌ಡಿಬಿ1 ಎಂಬಂಥ ಹೆಸರು ಬರೆದಿದ್ದರೆ ತೆಗೆದು ಯುಯುಐಡಿ, ಅಂದರೆ ಆ ಡಿಸ್ಕಿನ ಬದಲಾಗದ ಗುರುತು ಸಂಖ್ಯೆ, ಹಾಕಿ. ಎಸ್‌ಡಿಬಿ, ಎಸ್‌ಡಿಸಿ ಎಲ್ಲ ಪೇಯಿಂಗ್ ಗೆಸ್ಟ್ ಹುಡುಗರ ಹಾಗೆ, ಇವತ್ತು ಈ ಕಾಟಿನಲ್ಲಿ, ನಾಳೆ ಆ ಕಾಟಿನಲ್ಲಿ.

ಪ್ರಶ್ನೆ: ಇಷ್ಟೆಲ್ಲ ರಗಳೆ ಯಾಕೆ, ಅಪ್‌ಡೇಟನ್ನೇ ಪೂರ್ತಿ ಬಂದ್ ಮಾಡಿದರೆ ಆಗಲ್ವಾ?
– ವಾಸ್ಕೋ, ಗೋವಾ

ಉತ್ತರ: ಬೇಡ. ನಿಮ್ಮ ಭಯ ಸುಳ್ಳಲ್ಲ, 2020ರ ಜುಲೈನಲ್ಲಿ ಗ್ರಬ್‌ನೊಳಗೆ ‘ಬೂಟ್‌ಹೋಲ್’ ಎಂಬ ಭದ್ರತೆಯ ತೂತು ಹೊರಬಿದ್ದಾಗ ಅದನ್ನು ಮುಚ್ಚಲು ಬಂದ ಅಪ್‌ಡೇಟಿನಿಂದಲೇ ರೆಡ್‌ಹ್ಯಾಟ್, ಸೆಂಟ್‌ಓಎಸ್ ಎಂಬ ಲಿನಕ್ಸ್‌ಗಳನ್ನು ಹಾಕಿದ ಎಷ್ಟೋ ಯಂತ್ರಗಳು ಏಳದೆ ಮಲಗಿದವು. ಆದರೂ ಇಂಟರ್‌ನೆಟ್ಟಿಗೆ ತೆರೆದಿರುವ ಸರ್ವರನ್ನು ಅಪ್‌ಡೇಟ್ ಮಾಡದೆ ಇಡುವುದು ಅದಕ್ಕಿಂತ ಅಪಾಯ. ಅಪ್‌ಡೇಟ್ ಮಾಡುವ ಹೊತ್ತನ್ನು ನೀವೇ ಆರಿಸಿ. ಮಾಡಿದ ತಕ್ಷಣ ರೀಬೂಟ್ ಕೊಡಿ, ಕರೆಂಟ್ ಹೋಗುವವರೆಗೆ ಕಾಯಬೇಡಿ. ಒಂದು ಹಳೇ ಕರ್ನಲ್ ಯಾವಾಗಲೂ ಇರಲಿ. /ಇಟಿಸಿ/ಡಿಫಾಲ್ಟ್/ಗ್ರಬ್ ಫೈಲಿನಲ್ಲಿ ಟೈಮ್‌ಔಟ್ ಸೊನ್ನೆ ಇದ್ದರೆ 5 ಮಾಡಿ, ಸ್ಟೈಲ್ ‘ಹಿಡನ್’ ಎಂದಿದ್ದರೆ ‘ಮೆನು’ ಮಾಡಿ, ‘ಅಪ್‌ಡೇಟ್-ಗ್ರಬ್’ ಹೊಡೆಯಿರಿ. ಆಗ ಶಿಫ್ಟ್ ಒತ್ತುವ ಕಸರತ್ತು ಇಲ್ಲದೆ ಮೆನು ತಾನಾಗಿಯೇ ಕಾಣಿಸುತ್ತದೆ.