ಬ್ರೇಕ್ ಇಲ್ಲದ ಗಾಡಿ, ಹದಿನೈದರ ಲೆಕ್ಕ

ಪ್ರಶ್ನೆ: ಸರ್, ನಾನು ಹುಬ್ಬಳ್ಳಿ ವಿದ್ಯಾನಗರದಾಗ ಓದಾಕತ್ತೇನಿ. ಮೊಬೈಲ್‌ನ್ಯಾಗ ಸ್ಪೀಡ್‌ವೇ ಬೈಕ್ ರೇಸ್, ಅದ ಮಣ್ಣಿನ ಸಣ್ಣ ಟ್ರ್ಯಾಕಿನ್ಯಾಗ ಸುತ್ತು ಹೊಡೆಯೋದು, ನೋಡೋ ಚಟ ಹತ್ತೇತಿ. ಒಂದೊಂದು ರೇಸ್ ಒಂದೊಂದು ನಿಮಿಷಕ್ಕ ಮುಗೀತೈತಿ, ಮತ್ತ ನ್ಯಾಷನಲ್ ಚಾಂಪಿಯನ್ ಯಾರಂತ ಹೆಂಗ ತೀರ್ಮಾನ ಮಾಡ್ತಾರ? ಹೆಚ್ಚು ರೇಸ್ ಗೆದ್ದಾಂವನ ಚಾಂಪಿಯನ್ ಅಂತ ನಮ್ಮ ರೂಮ್‌ಮೇಟ್ ವಾದ ಮಾಡ್ತಾನ.

ಉತ್ತರ: ನಿಮ್ಮ ರೂಮ್‌ಮೇಟ್ ಅರ್ಧ ಖರೆ ಹೇಳ್ಯಾನ ತಮ್ಮಾ. ಒಂದೊಂದು ಸಣ್ಣ ರೇಸಿಗೆ ಹೀಟ್ ಅಂತಾರ. ಒಂದು ಹೀಟ್‌ನ್ಯಾಗ ನಾಕು ಮಂದಿ, ನಾಕು ಸುತ್ತು, ಗೆದ್ದಾಂವಗ 3 ಪಾಯಿಂಟ್, ಎರಡನೇದಾಂವಗ 2, ಮೂರನೇದಾಂವಗ 1, ಕಡೀಗೆ ಬಂದಾಂವಗ ಬರೇ ಧೂಳು. ಈಗ ಪೆನ್ನು ತೊಗೊ. ಸಾಮಾನ್ಯ 16 ಮಂದಿ ರೈಡರ್, 20 ಹೀಟ್ ಇಡ್ತಾರ, ಒಬ್ಬೊಬ್ಬಗ 5 ಹೀಟ್ ಬರ್ತಾವ, ಒಂದೊಂದರಾಗ ಎದುರಿಗೆ 3 ಮಂದಿ, ಐದ ಮೂರ್ಲೆ ಹದಿನೈದು, ಅಂದ್ರ ಉಳಿದ 15 ಮಂದೀನೂ ಒಂದೊಂದ ಸಲ ಎದುರಾಗ್ತಾರ, ಯಾರನ್ನೂ ತಪ್ಪಿಸ್ಕೊಳ್ಳಾಕ ಆಗಂಗಿಲ್ಲ, ಯಾರೂ ಎರಡನೇ ಸಲ ಸಿಗಂಗಿಲ್ಲ. ಈ ಚಾರ್ಟ್ ಬರದಾಂವನ್ನ ನಮ್ಮ ಸಾಲಿ ಟೈಮ್‌ಟೇಬಲ್ ಮಾಡಾಕ ಕರೀಬೇಕಿತ್ತು ನೋಡು. ಐದೂ ಗೆದ್ರ 15. ಆದ್ರ ಮೂರು ಗೆದ್ದು ಎರಡರಾಗ ಬಿದ್ದಾಂವಗ 9 ಅಷ್ಟ, ಒಂದನ್ನೂ ಗೆಲ್ಲದ ಐದರಾಗೂ ಸೆಕೆಂಡ್ ಬಂದಾಂವಗ 10! ಇದನ್ನ ರೂಮ್‌ಮೇಟ್‌ಗೆ ತೋರಿಸು.

ಕೆಲವು ಕಡೆ ಮ್ಯಾಲಿನ ನಾಕು ಮಂದಿಗೆ ಕಡೀಗೊಂದು ಫೈನಲ್ ಇರ್ತೈತಿ. ಆಸ್ಟ್ರೇಲಿಯಾದಾಗ ನ್ಯಾಷನಲ್ ಸೀಸನ್ ಜನವರಿ ಸುತ್ತಮುತ್ತ, ಬ್ಯಾರೆ ಬ್ಯಾರೆ ಊರಾಗ ರೌಂಡ್ ಇಟ್ಟು ಪಾಯಿಂಟ್ ಕೂಡಿಸ್ತಾರ, ಯಾಕಂದ್ರ ಆಮ್ಯಾಲೆ ಅವರ ಹುಡುಗ್ರು ಪೋಲೆಂಡ್, ಸ್ವೀಡನ್, ಇಂಗ್ಲೆಂಡ್ ಲೀಗಿಗೆ ದುಡಿಯಾಕ ಹೋಗ್ತಾರ. ವಿಶ್ವ ಚಾಂಪಿಯನ್‌ಶಿಪ್ ಮಾತ್ರ 1994ರ ತನಕ ಒಂದ ರಾತ್ರಿ ಫೈನಲ್‌ನ್ಯಾಗ ಮುಗೀತಿತ್ತು, 1995ರಿಂದ ಗ್ರ್ಯಾಂಡ್ ಪ್ರಿ ಅಂತ ಸೀಸನ್ ಪೂರ್ತಿ ನಡೀತೈತಿ. ಇದರಾಗ ನನಗ ಭಾಳ ಸಂಕಟ ಆಗೋದು 1936ರ ಕತಿ. ಲಂಡನ್ನಿನ ವೆಂಬ್ಲಿಯೊಳಗ ಮೊದಲ್ನೇ ವರ್ಲ್ಡ್ ಫೈನಲ್, ಬ್ಲೂಯಿ ವಿಲ್ಕಿನ್ಸನ್ ಅನ್ನಾಂವ ಐದಕ್ಕ ಐದೂ ಹೀಟ್ ಗೆದ್ದ, ಆದ್ರೂ ಮೂರನೇ ಜಾಗ! ಹಿಂದಿನ ಸುತ್ತಿನ ಬೋನಸ್ ಪಾಯಿಂಟ್ ಕೂಡಿಸಿದ್ದಕ್ಕ ಲಯೊನೆಲ್ ವಾನ್ ಪ್ರಾಗ್ ಚಾಂಪಿಯನ್ ಆದ. ವಿಲ್ಕಿನ್ಸನ್ ಪುಣ್ಯಾತ್ಮ 1938ರಾಗ ಗೆದ್ದು ಬಿಟ್ಟ.

ಪ್ರಶ್ನೆ: ಹಾವೇರಿಯಿಂದ. ಆ ಸ್ಪೀಡ್‌ವೇ ಬೈಕಿಗೆ ಬ್ರೇಕ್ ಇಲ್ಲಂತ ಖರೇನ? ನನ್ನ ಸ್ಪ್ಲೆಂಡರ್ ಬ್ರೇಕ್ ಬಿಚ್ಚಿ ಊರ ಹೊರಗ ಟ್ರೈ ಮಾಡ್ಲೇನು?

ಉತ್ತರ: ಬ್ಯಾಡ.

ಬ್ರೇಕ್ ಇಲ್ಲ ಅನ್ನೋದು ಖರೆ. ನಾಕು ಗಾಡಿ ಮೈಗೆ ಮೈ ಹತ್ತಿಸಿ ಹೊಂಟಾಗ ಮುಂದಿನಾಂವ ಗಪ್ಪನ ಬ್ರೇಕ್ ಹಾಕಿದ್ರ ಹಿಂದಿನಾಂವ ಅವನ ಬೆನ್ನ ಮ್ಯಾಲೆ. 500 ಸಿಸಿ, ಒಂದ ಸಿಲಿಂಡರ್, ಒಂದ ಗೇರು, ಪೆಟ್ರೋಲ್ ಬದಲಿ ಮೆಥನಾಲ್. ತಿರುವಿನ್ಯಾಗ ಹಿಂದಿನ ಗಾಲಿ ಜಾರಿಸಿ, ಹ್ಯಾಂಡಲ್ ಉಲ್ಟಾ ತಿರುವಿ, ಸ್ಟೀಲ್ ತಳದ ಬೂಟು ಹಾಕಿದ ಎಡಗಾಲು ನೆಲಕ್ಕ ಊರಿ ಹೊಕ್ಕಾರ, ಯಾವಾಗ್ಲೂ ಎಡಕ್ಕ ಅಷ್ಟ. ಬಿದ್ರ ಇಂಜಿನ್ ಬಂದ್ ಆಗ್ಲಿ ಅಂತ ಕೈಗೊಂದು ದಾರ ಕಟ್ಕೊಂಡಿರ್ತಾರ. ಹೋರಿ ಹಬ್ಬ ನೋಡಿದ ಕಣ್ಣು ನಿಮ್ಮದು, ಅದ ಧೈರ್ಯ ಅನಸ್ತೈತಿ, ಆದ್ರ ಅವರಿಗೆ ಟ್ರೇನಿಂಗ್ ಐತಿ, ಟ್ರ್ಯಾಕ್ ಐತಿ, ಆ್ಯಂಬುಲೆನ್ಸ್ ನಿಂತಿರ್ತೈತಿ.

ಪ್ರಶ್ನೆ: ಗದಗದಿಂದ. ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇ ಇದ ಏನ್ರಿ? ನಮ್ಮ ಕಡೆ ಇಂಥಾದು ಮಾಡಾಕ ಬರಂಗಿಲ್ಲೇನು?

ಉತ್ತರ: ಹೆಸರು ಅಷ್ಟ ಒಂದ. ಅದು ಎರಡು ಕಿಲೋಮೀಟರಿನ ಮ್ಯಾಲಿನ ಡಾಂಬರ್ ಟ್ರ್ಯಾಕ್, ಅಲ್ಲಿ ಬ್ರೇಕ್ ಬೇಕ ಬೇಕು. ಸ್ಪೀಡ್‌ವೇ ಬೈಕ್ ರೇಸಿಂದು 300-400 ಮೀಟರ್ ಆಸುಪಾಸಿನ ಮಣ್ಣಿನ ಟ್ರ್ಯಾಕು, ನಡುನಡುವ ನೀರು ಹೊಡೀತಾರ, ಟ್ರ್ಯಾಕ್ಟರ್ ತಿರುಗಿಸಿ ಸಮ ಮಾಡ್ತಾರ, ಮಳಿ ಜಾಸ್ತಿ ಆತು ಅಂದ್ರ ಅವತ್ತಿನ ರೇಸ್ ಬಂದ್. ಜಾರಬೇಕು, ಅಂಟಬಾರ್ದು, ಹಂತಾ ಮಣ್ಣು ಬೇಕು. ಗರಸು ತಂದು ಹಾಕಿದ್ರ ಆದೀತು, ಆದ್ರ ಒಂದ ಮಳಿ ಆದಮ್ಯಾಲೆ ನಿಮ್ಮ ಎರಿ ಹೊಲದಾಗ ಚಪ್ಪಲಿ ಹಾಕ್ಕೊಂಡು ನಾಕು ಹೆಜ್ಜಿ ನಡದು ನೋಡ್ರಿ, ಆಮ್ಯಾಲೆ ಮಾತಾಡೋಣು.